ಬೆಕ್ಕಿಗೆ ಆಪರೇಷನ್ ಆಯ್ತು, ಕಾಲರ್ ನಿಲ್ಲುತ್ತಿಲ್ಲ, ಮನೆಯವರೆಲ್ಲ ಡಾಕ್ಟರ್ ಆಗಿದ್ದಾರೆ

ಡೊಂಬಿವಲಿ ಸುಜಾತಾ
ನಮ್ಮ ಕೆಂಚಿಗೆ ನಿನ್ನೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದೆವು. ಏಳು ತಿಂಗಳ ಹೆಣ್ಣು ಬೆಕ್ಕು, ಬಿಲ್ಡಿಂಗ್ ಪಾರ್ಕಿಂಗ್‌ನಲ್ಲಿ ಸಿಕ್ಕಿದ್ದು. ಸಂಜೆಯೇ ಮನೆಗೆ ಕಳಿಸಿದರು. ಹೊಟ್ಟೆ ಮೇಲೆ ಸಣ್ಣ ಗಾಯ, ಅದನ್ನು ನೆಕ್ಕದ ಹಾಗೆ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್. ಕೊಟ್ಟ ಚೀಟಿಯಲ್ಲಿ ಎರಡು ಔಷಧಿ, ಕೆಳಗೆ "ರೆಸ್ಟ್" ಅಂತ ಬರೆದಿದೆ. ಬೆಕ್ಕಿಗೆ ರೆಸ್ಟ್ ಕೊಡಿಸೋದು ಹೇಗೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ನಮ್ಮದು ಒಂದು ಬೆಡ್‌ರೂಮಿನ ಮನೆ. ನಾನು, ಯಜಮಾನರು, ಅತ್ತೆ, ಎರಡನೇ ಕ್ಲಾಸಿನ ಮಗ. ರಾತ್ರಿಯೆಲ್ಲ ಅವಳು ಹಿಂದಕ್ಕೆ ಹಿಂದಕ್ಕೆ ನಡೆದು ಕಾಲರನ್ನು ಗೋಡೆಗೆ ಬಡಿಯುತ್ತಿದ್ದಳು. ಬೆಳಿಗ್ಗೆ ನೋಡಿದರೆ ಕಾಲರ್ ಸೋಫಾ ಕೆಳಗೆ, ಅವಳು ಕಪಾಟಿನ ಮೇಲೆ! ಅತ್ತೆ ಅರಿಶಿನ ಕಲಸಿ ಇಟ್ಟುಕೊಂಡು ಕೂತಿದ್ದಾರೆ. ಯಜಮಾನರು ನೋವಿಗೆ ಕ್ರೋಸಿನ್ ಕಾಲು ಗುಳಿಗೆ ಕೊಡೋಣ ಅಂತಾರೆ. ಕಾಲರ್ ಬೇಕೇ ಬೇಕಾ? ಅರಿಶಿನ ಹಚ್ಚಬಹುದಾ? ಹಾರೋದನ್ನು ನಿಲ್ಲಿಸೋದು ಹೇಗೆ? ಬೇಗ ಹೇಳಿ.

ಕೊಥ್ರೂಡ್ ಪಶುವೈದ್ಯೆ
ಮೊದಲು ಕ್ರೋಸಿನ್ ಪಟ್ಟಿಯನ್ನು ಯಜಮಾನರ ಕೈಯಿಂದ ತಗೊಳ್ಳಿ. ಅದರಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ರಕ್ತಕ್ಕೆ ಆಮ್ಲಜನಕ ಹೊರುವ ತಾಕತ್ತು ಹೋಗುತ್ತದೆ, ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದಿಕೊಳ್ಳುತ್ತದೆ. ಒಂದೇ ಗುಳಿಗೆಯಿಂದ ಸತ್ತ ಬೆಕ್ಕುಗಳಿವೆ. ಐಬುಪ್ರೊಫೆನ್, ಕಾಂಬಿಫ್ಲಾಮ್ ಅಂತೂ ನಾಯಿಗೂ ಬೇಡ, ಬೆಕ್ಕಿಗೂ ಬೇಡ. ಈಗಾಗಲೇ ಕೊಟ್ಟಿದ್ದರೆ ಇಲ್ಲಿ ಟೈಪ್ ಮಾಡುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಓಡಿ.

ಡೊಂಬಿವಲಿ ಸುಜಾತಾ
ಕೊಟ್ಟಿಲ್ಲ ಡಾಕ್ಟ್ರೇ. ಓದಿ ಹೇಳಿದೆ, ಪಟ್ಟಿಯನ್ನು ಡ್ರಾಯರ್‌ಗೆ ಹಾಕಿ ಬೀಗ ಹಾಕಿದರು.

ಮಾಟುಂಗಾ ಮಾಮ
ಅರಿಶಿನಕ್ಕೆ ಏನಾಗಿದೆ ಮಾರಾಯ್ರೇ? ಊರಲ್ಲಿ ಹಸುವಿನ ಕಾಲು ಗಾಯಕ್ಕೆ ಅರಿಶಿನ ಎಣ್ಣೆ ಹಚ್ಚಿಯೇ ಗುಣ ಆಗುತ್ತಿತ್ತು. ಈಗ ಎಲ್ಲದಕ್ಕೂ ಡಾಕ್ಟರು, ಎಲ್ಲದಕ್ಕೂ ಟ್ಯೂಬು.

ಠಾಣೆ ಶೆಟ್ಟಿ
ಮಾಮ, ಹಸು ತನ್ನ ಹೊಟ್ಟೆಯನ್ನು ದಿನಕ್ಕೆ ನೂರು ಸಲ ನೆಕ್ಕುವುದಿಲ್ಲ.

ಕೊಥ್ರೂಡ್ ಪಶುವೈದ್ಯೆ
ಹೊಲಿಗೆ ಹಾಕಿದ ಗಾಯಕ್ಕೆ ಅಡುಗೆಮನೆ ಅರಿಶಿನ ಬೇಡ. ಡಬ್ಬಿಯ ಪುಡಿ ಸ್ವಚ್ಛ ಅಂತ ಹೇಳಲಾಗದು, ಹೊಲಿಗೆ ಸಂದಿಯಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಗಾಯ ಕೆಂಪಾಗುತ್ತಿದೆಯಾ ಅಂತ ನೋಡಿಯೇ ನಾವು ಸೋಂಕು ಹಿಡಿಯೋದು. ಹಳದಿ ಬಳಿದುಬಿಟ್ಟರೆ ಏನು ಕಾಣುತ್ತದೆ? ಡೆಟಾಲ್ ಇನ್ನೂ ಕೆಟ್ಟದ್ದು, ಬೆಕ್ಕು ನೆಕ್ಕಿದರೆ ಬಾಯಿ ಸುಡುತ್ತದೆ, ಒಳಗೆ ಹೋದರೆ ವಿಷ. ಚೀಟಿಯಲ್ಲಿ ಬರೆದಿರುವುದನ್ನು ಬಿಟ್ಟು ಗಾಯದ ಮೇಲೆ ಏನೂ ಬೇಡ. ಒಣಗಿರಲಿ, ಅಷ್ಟೇ. ಹೊಲಿಗೆ ಬಿಚ್ಚುವ ತನಕ ಸ್ನಾನವೂ ಬೇಡ.

ಮಾಟುಂಗಾ ಮಾಮ
ಹಳದಿ ಬಳಿದರೆ ಕೆಂಪು ಕಾಣಲ್ಲ ಅನ್ನೋದು ಒಪ್ಪಿದೆ. ಉಳಿದದ್ದು ಒಪ್ಪಿಲ್ಲ.

ಚೆಂಬೂರ್ ಬೆಕ್ಕಿನಮ್ಮ
ಸುಜಾತಾ, ನಾನು ನಮ್ಮ ಕಾಲೋನಿಯ ಬೆಕ್ಕುಗಳಿಗೆ ವರ್ಷಗಳಿಂದ ಆಪರೇಷನ್ ಮಾಡಿಸುತ್ತಾ ಬಂದಿದ್ದೇನೆ. ಇವತ್ತಿನ ಚಿಂತೆ ಬಿಡಿ. ಇವತ್ತು ಅವಳು ಅರೆ ಅಮಲಲ್ಲಿ ಇರುತ್ತಾಳೆ, ತೂರಾಡುತ್ತಾಳೆ, ಸ್ವಲ್ಪ ತಿಂದು ಮಲಗುತ್ತಾಳೆ. ನೀವು ನಿಜವಾಗಿ ಹೆದರಬೇಕಾದದ್ದು ಮೂರನೇ ದಿನದಿಂದ. ಅಷ್ಟರಲ್ಲಿ ನೋವು ಕಡಿಮೆ, ಹಸಿವು ಜೋರು, ಆಟ ಶುರು. ಮನೆಯವರೂ "ಗುಣ ಆಯ್ತಲ್ಲ" ಅಂತ ಕಾಲರ್ ಬಿಚ್ಚುತ್ತಾರೆ. ಮೇಲಿನ ಚರ್ಮ ಕೂಡಿಕೊಂಡ ಹಾಗೆ ಕಾಣುತ್ತೆ. ಒಳಗೆ ಹೊಟ್ಟೆಯ ಪದರಕ್ಕೆ ಹಾಕಿದ ಹೊಲಿಗೆ ಇನ್ನೂ ಗಟ್ಟಿ ಆಗಿರಲ್ಲ. ಆಗ ಕಪಾಟಿನಿಂದ ಒಂದು ಜಿಗಿತ ಸಾಕು. 10ರಿಂದ 14 ದಿನ ಅಂತ ಡಾಕ್ಟರು ಹೇಳೋದು ಸುಮ್ನೆ ಅಲ್ಲ.

ಕಾಲರ್ ವಿಷಯ. ಬೇಕೇ ಬೇಕು. ಬೆಕ್ಕಿನ ನಾಲಿಗೆ ಮುಟ್ಟಿ ನೋಡಿದ್ದೀರಲ್ಲ, ಉಪ್ಪು ಕಾಗದ ಇದ್ದ ಹಾಗೆ. ನೀವು ಒಂದು ನಿದ್ದೆ ಮಾಡಿ ಏಳೋದರೊಳಗೆ ಹೊಲಿಗೆ ಕಿತ್ತಿರುತ್ತೆ. ಪ್ಲಾಸ್ಟಿಕ್ ಕಾಲರ್ ಆದರೆ ಕುತ್ತಿಗೆ ಮತ್ತು ಕಾಲರ್ ನಡುವೆ ಒಂದು ಬೆರಳು ಹೋಗುವಷ್ಟು ಸಡಿಲ ಇರಲಿ, ಅದಕ್ಕಿಂತ ಸಡಿಲವಾದರೆ ಮುಂಗಾಲು ಸಿಕ್ಕಿಸಿ ಕಳಚಿಕೊಳ್ಳುತ್ತದೆ. ನಿಮ್ಮಲ್ಲಿ ಆಗಿರೋದು ಅದೇ. ಉದ್ದ ಮೂಗಿನ ತುದಿ ದಾಟಿರಬೇಕು. ಬಟ್ಟೆಯ ಮೆತ್ತನೆ ಕಾಲರೂ ಸಿಗುತ್ತದೆ, ಮಲಗಲು ಅವಕ್ಕೆ ಹಿತ. ಆದರೆ ಕೆಲವು ಬೆಕ್ಕು ಅದನ್ನು ಮಡಚಿ ನೆಕ್ಕಿಬಿಡುತ್ತವೆ, ಕಣ್ಣಿಟ್ಟಿರಿ.

ವಾಸ್ಕೋ ಬಸವರಾಜ
ಮಗುವಿನ ಹಳೇ ಅಂಗಿ ಹಾಕಿದರೆ ನಡೆಯಲ್ವೇನ್ರೀ?

ಚೆಂಬೂರ್ ಬೆಕ್ಕಿನಮ್ಮ
ನಡೆಯುತ್ತೆ ಬಸವರಾಜ್, ಹೊಟ್ಟೆಗೆ ಬಿಗಿಯಾಗಿ ಕೂತರೆ. ಹಳೇ ಕಾಲುಚೀಲ ಅಥವಾ ಲೆಗ್ಗಿಂಗ್ ಕಾಲಿನ ತುಂಡಿಗೆ ನಾಲ್ಕು ತೂತು ಮಾಡಿ ಕಾಲು ಹಾಯಿಸಬಹುದು. ದಿನಕ್ಕೆರಡು ಸಲ ಬಿಚ್ಚಿ ಗಾಯ ನೋಡಬೇಕು, ಒದ್ದೆಯಾದರೆ ತಕ್ಷಣ ಬದಲಿಸಬೇಕು. ಈ ಮಳೆಗಾಲದಲ್ಲಿ ಮುಂಬೈಯಲ್ಲಿ ಬಟ್ಟೆ ಒಣಗೋದೇ ಇಲ್ಲ, ಅದಕ್ಕೇ ನನಗೆ ಕಾಲರ್ ಮೇಲೆ ಜಾಸ್ತಿ ನಂಬಿಕೆ. ಒಂದು ವಿಷಯ, ಅಂಗಿ ಹಾಕಿದ ತಕ್ಷಣ ಕೆಲವು ಬೆಕ್ಕು ಪಕ್ಕಕ್ಕೆ ಬಿದ್ದು ಸತ್ತವರ ಹಾಗೆ ನಾಟಕ ಮಾಡುತ್ತವೆ. ಗಾಬರಿ ಬೇಡ.

ಕಲ್ಯಾಣ್ ವಿಚಾರವಾದಿ
ನನಗೆ ಒಂದು ಅರ್ಥ ಆಗಲ್ಲ. ಪ್ರಾಣಿಯ ಗರ್ಭಕೋಶ ತೆಗೆಸಿ, ಆಮೇಲೆ ಕಾಲರ್, ಅಂಗಿ, ಅರಿಶಿನ ಅಂತ ಚರ್ಚೆ. ಒಂದು ಸಲವಾದರೂ ಮರಿ ಹಾಕಲಿ ಅಂತ ಬಿಡಬಾರದಿತ್ತೇ? ತಾಯಿ ಆಗೋ ಹಕ್ಕು ಅದಕ್ಕಿಲ್ವಾ?

ಠಾಣೆ ಶೆಟ್ಟಿ
ಬಂದರು.

ಕೊಥ್ರೂಡ್ ಪಶುವೈದ್ಯೆ
ಒಂದು ಸಲ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೇದು ಅನ್ನೋದಕ್ಕೆ ಆಧಾರ ಇಲ್ಲ. ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಹೆಚ್ಚು ಕಡಿಮೆ ಒಂಬತ್ತು ವಾರದ ಗರ್ಭ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬ ಆಗುತ್ತದೆ. ಆಪರೇಷನ್ ಆಗದ ಹೆಣ್ಣು ನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುತ್ತದೆ, ಪಯೋಮೆಟ್ರಾ ಅಂತ. ಅಪರೂಪವೇನಲ್ಲ. ಬೆದೆ ಮುಗಿದು ಕೆಲವು ವಾರಕ್ಕೆ ನಾಯಿ ತುಂಬ ನೀರು ಕುಡಿಯುತ್ತೆ, ಮಂಕಾಗುತ್ತೆ, ವಾಂತಿ ಮಾಡುತ್ತೆ. ಆಗ ಅರ್ಧ ರಾತ್ರಿಯಲ್ಲಿ, ಜ್ವರ ಬಂದು ಸೊರಗಿದ ಪ್ರಾಣಿಗೆ ಇದೇ ಆಪರೇಷನ್ ಮಾಡಬೇಕಾಗುತ್ತೆ. ಆರೋಗ್ಯವಾಗಿದ್ದಾಗ ಮಾಡಿಸೋದೇ ಮೇಲು.

ಕಲ್ಯಾಣ್ ವಿಚಾರವಾದಿ
ಸರಿ, ಆದರೆ ನಾಯಿಗಳಲ್ಲಿ ಎಲ್ಲ ತಳಿಗೂ ಒಂದೇ ನಿಯಮ ಅಲ್ಲ. ಆರು ತಿಂಗಳಿಗೇ ಮಾಡಿಸಿದರೆ ಕೀಲು ಹಾಳಾಗುತ್ತೆ ಅಂತ ಓದಿದ್ದೇನೆ.

ಕೊಥ್ರೂಡ್ ಪಶುವೈದ್ಯೆ
ಇದು ಸರಿಯಾದ ಮಾತು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2013ರಲ್ಲಿ ಗೋಲ್ಡನ್ ರಿಟ್ರೀವರ್ ಬಗ್ಗೆ ಅದನ್ನೇ ತೋರಿಸಿದರು. ಬೇಗ ಮಾಡಿಸಿದ ನಾಯಿಗಳಲ್ಲಿ ಕೀಲಿನ ತೊಂದರೆ ಜಾಸ್ತಿ ಕಂಡಿತ್ತು. ಅದಕ್ಕೇ ದೊಡ್ಡ ತಳಿಗೆ ಬೆಳವಣಿಗೆ ಮುಗಿಯುವ ತನಕ ಕಾಯಿರಿ ಅಂತ ಈಗ ಹಲವು ಡಾಕ್ಟರು ಹೇಳುತ್ತಾರೆ. ಸುಜಾತಾ ಅವರದು ಬೆಕ್ಕು. ಅವಳಿಗೆ ವಯಸ್ಸು ಸರಿಯಾಗಿಯೇ ಇದೆ.

ಡೊಂಬಿವಲಿ ಸುಜಾತಾ
ಥ್ಯಾಂಕ್ಸ್. ಈಗ ಕಪಾಟಿನ ಸಮಸ್ಯೆ? ಬೆಡ್‌ರೂಮಲ್ಲಿ ಕೂಡಿ ಹಾಕಿದರೆ ಮಂಚದಿಂದ ಕಿಟಕಿ, ಕಿಟಕಿಯಿಂದ ಕಪಾಟು. ಮಗ ಬಾಗಿಲು ತೆಗೀತಾನೇ ಇರ್ತಾನೆ.

ಹಡಪ್ಸರ್ ರೇಖಾ
ಬಾತ್‌ರೂಮ್ ಒಣಗಿಸಿ ಅಲ್ಲೇ ಇಡಿ. ನಾವು ಹಾಗೇ ಮಾಡಿದ್ದು.

ಚೆಂಬೂರ್ ಬೆಕ್ಕಿನಮ್ಮ
ಒಂದೇ ಬಾತ್‌ರೂಮ್, ಮನೆಯಲ್ಲಿ ನಾಲ್ಕು ಜನ, ಬೆಳಿಗ್ಗೆ ಎಲ್ಲರಿಗೂ ಲೋಕಲ್ ಹಿಡಿಯೋ ಆತುರ. ಆಗುವ ಮಾತಾ? ಮಡಚುವ ತಂತಿ ಪಂಜರ ಅಂತ ಸಿಗುತ್ತೆ. ದೊಡ್ಡದು ತಗೊಳ್ಳಿ, ಒಂದು ಬದಿ ಹಾಸಿಗೆ, ಇನ್ನೊಂದು ಬದಿ ಕಕ್ಕಸಿನ ಟ್ರೇ. ಮೇಲೊಂದು ಬೆಡ್‌ಶೀಟ್ ಅರ್ಧ ಹೊದಿಸಿ, ಕತ್ತಲಿದ್ದರೆ ಶಾಂತ ಆಗುತ್ತೆ. ಮನೆಯವರು ಕಣ್ಣೆದುರಿಗೆ ಇದ್ದಾಗ ಹೊರಗೆ ಬಿಡಿ, ನೆಲದ ಮೇಲೆ ಮಾತ್ರ. ಪಂಜರ ಇಲ್ಲದಿದ್ದರೆ ಮಂಚದ ಹಾಸಿಗೆಯನ್ನೇ ನೆಲಕ್ಕೆ ಇಳಿಸಿ, ಕುರ್ಚಿ ಸ್ಟೂಲೆಲ್ಲ ಹೊರಗೆ. ಹತ್ತಲು ಮೆಟ್ಟಿಲು ಸಿಗದಿದ್ದರೆ ಬೆಕ್ಕು ಅರ್ಧ ಸೋತ ಹಾಗೆ. ಕಿಟಕಿಗೆ ಗ್ರಿಲ್ ಇದೆಯಾ? ಅಮಲಿನಲ್ಲಿ ಅಂದಾಜು ತಪ್ಪಿ ಬೀಳುತ್ತವೆ.

ಇನ್ನು ಟ್ರೇಗೆ ಈಗ ಲಿಟರ್, ಅಂದರೆ ಕಕ್ಕಸಿಗೆ ಹಾಕುವ ಮಣ್ಣಿನ ಹರಳು ಬೇಡ, ಗಾಯಕ್ಕೆ ಅಂಟುತ್ತೆ. ಪೇಪರ್ ಹರಿದು ಹಾಕಿ.

ಮಾಟುಂಗಾ ಮಾಮ
ನಮ್ಮ ಮನೆ ಬೆಕ್ಕಿಗೆ ಮುಂಬೈಯ ಕನ್ನಡ ಪೇಪರ್ ಕರ್ನಾಟಕ ಮಲ್ಲ ಹಾಕುತ್ತೇವೆ. ಓದಿ ಆದ ಮೇಲೆ ಮಾತ್ರ, ತಪ್ಪು ತಿಳೀಬೇಡಿ.

ಠಾಣೆ ಶೆಟ್ಟಿ
ಮುಂಬೈಯಲ್ಲಿ ಹುಟ್ಟಿದ ಬೆಕ್ಕಿಗೂ ಕನ್ನಡ ಕಲಿಸುತ್ತಿದ್ದೀರಿ ಮಾಮ. ಕನ್ನಡ ಸಂಘದವರು ಸನ್ಮಾನ ಮಾಡಬೇಕು.

ಹಡಪ್ಸರ್ ರೇಖಾ
ನನ್ನದೊಂದು ಪ್ರಶ್ನೆ ಇದರಲ್ಲೇ. ನಮ್ಮಲ್ಲಿ ಎರಡು ಬೆಕ್ಕು, ಅಕ್ಕತಂಗಿಯರು, ಒಂದೇ ತಟ್ಟೆಯಲ್ಲಿ ತಿಂದವು. ಒಂದಕ್ಕೆ ಆಪರೇಷನ್ ಮಾಡಿಸಿ ಕರ್ಕೊಂಡು ಬಂದಾಗಿನಿಂದ ಇನ್ನೊಂದು ಅದನ್ನು ಕಂಡರೆ ಬುಸ್ ಅನ್ನುತ್ತೆ, ಹೊಡೆಯೋಕೆ ಹೋಗುತ್ತೆ. ಯಾಕೆ ಹೀಗೆ?

ಕೊಥ್ರೂಡ್ ಪಶುವೈದ್ಯೆ
ವಾಸನೆ. ಬೆಕ್ಕಿಗೆ ಗುರುತು ಮುಖದಿಂದಲ್ಲ, ಮೂಗಿನಿಂದ. ಆಸ್ಪತ್ರೆಯ ವಾಸನೆ ಹೊತ್ತು ಬಂದವಳು ಅದಕ್ಕೆ ಬೇರೆ ಯಾರೋ. ಎರಡನ್ನೂ ಬೇರೆ ಕೋಣೆಯಲ್ಲಿಡಿ, ಒಂದರ ಹಾಸಿಗೆ ಬಟ್ಟೆಯನ್ನು ಇನ್ನೊಂದಕ್ಕೆ ಕೊಡಿ, ಬಾಗಿಲಿನ ಎರಡೂ ಬದಿಗೆ ಊಟ ಇಡಿ. ಬೈಯಬೇಡಿ. ಸಾಮಾನ್ಯವಾಗಿ ಕೆಲವೇ ದಿನಕ್ಕೆ ಸರಿಹೋಗುತ್ತದೆ.

ವಾಸ್ಕೋ ಬಸವರಾಜ
ನನ್ನ ನಾಯಿ ಗಂಡು, ಬೀದಿ ತಳಿನೇ, ಬೈನಾ ಬೀಚ್ ಹತ್ತಿರ ಸಿಕ್ಕಿದ್ದು. ಹೋದ ವಾರ ಆಪರೇಷನ್ ಆಗೇತಿ. ಆದರೂ ಪಕ್ಕದ ಮನೆ ಹೆಣ್ಣು ನಾಯಿ ಹಿಂದ ಓಡ್ತಾನ. ಸರಿಯಾಗಿ ಮಾಡಿಲ್ಲ ಅಂತ ಮನೆಯವರು ನನಗ ಬೈತಾರ. ಮತ್ತೆ ಇಲ್ಲಿ ಮಳಿ ಅಂದ್ರ ಮಳಿ, ನೊಣ ಭಾಳ. ಗಾಯಕ್ಕ ಏನಾರ ಆದೀತಾ?

ಕೊಥ್ರೂಡ್ ಪಶುವೈದ್ಯೆ
ಆಪರೇಷನ್ ಸರಿಯಾಗಿಯೇ ಆಗಿರುತ್ತೆ ಬಸವರಾಜ್. ಬೀಜ ತೆಗೆದ ದಿನವೇ ಹಾರ್ಮೋನ್ ಇಳಿದು ಹೋಗಲ್ಲ, ವಾರಗಳು ಬೇಕು. ನಾಳದಲ್ಲಿ ಉಳಿದಿರುವ ವೀರ್ಯದಿಂದ ಇನ್ನೂ ಕೆಲವು ವಾರ ಹೆಣ್ಣು ನಾಯಿ ಗಬ್ಬ ಆಗುವ ಸಾಧ್ಯತೆಯೂ ಇದೆ. ತಿಂಗಳಿಗಿಂತ ಮೇಲೆ ಎರಡನ್ನೂ ದೂರ ಇಡಿ. ಜೊತೆಗೆ ಓಡುವುದೇ ಈಗ ತಪ್ಪು, ಬೀಜದ ಚೀಲ ಊದಿಕೊಳ್ಳುತ್ತದೆ. ಬೆಲ್ಟ್ ಹಾಕಿ ಉಚ್ಚೆ ಕಕ್ಕಸಿಗೆ ಅಷ್ಟೇ ಹೊರಗೆ, ವಾಪಸ್.

ನೊಣದ ಮಾತು ನೀವೇ ಎತ್ತಿದ್ದು ಒಳ್ಳೇದಾಯ್ತು. ಮಳೆಗಾಲದಲ್ಲಿ ನನಗೆ ಸೋಂಕಿಗಿಂತ ಹುಳದ ಭಯವೇ ಜಾಸ್ತಿ. ಒದ್ದೆ ಗಾಯದ ಮೇಲೆ ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳ ಆಗಬಹುದು. ನಾಯಿಯನ್ನು ಮನೆ ಒಳಗೇ ಮಲಗಿಸಿ, ಫ್ಯಾನ್ ಹಾಕಿ, ಹೊರಗಿಂದ ಬಂದ ತಕ್ಷಣ ಕಾಲು ಮತ್ತು ಹೊಟ್ಟೆ ಒಣ ಬಟ್ಟೆಯಿಂದ ಒರೆಸಿ, ಗಾಯ ಉಜ್ಜದೆ. ಕೆಟ್ಟ ವಾಸನೆ ಬಂದರೆ ಅಥವಾ ಗಾಯದಲ್ಲಿ ಏನಾದರೂ ಅಲುಗಾಡಿದ ಹಾಗೆ ಕಂಡರೆ ಅದೇ ದಿನ ತೋರಿಸಿ. ಸೀಮೆಎಣ್ಣೆ, ಕರ್ಪೂರ ಇತ್ಯಾದಿ ಪ್ರಯೋಗ ಬೇಡ.

ವಾಸ್ಕೋ ಬಸವರಾಜ
ಆಯ್ತ್ರೀ ಮೇಡಂ. ಒಳಗ ಮಲಗಿಸ್ತೀನಿ. ಮನೆಯವರಿಗೂ ಇದನ್ನೇ ಓದಿ ಹೇಳ್ತೀನಿ.

ಪಣಜಿ ಮೇಷ್ಟ್ರು
ನಾಯಿ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ಗೋವಾದಲ್ಲಿ ಮಿಷನ್ ರೇಬೀಸ್ ಅನ್ನೋ ಸಂಸ್ಥೆಯವರು 2014ರಿಂದ ಬಲೆ ಹಿಡಿದು ಊರೂರು ತಿರುಗಿ ಬೀದಿ ನಾಯಿಗಳಿಗೆ ಲಸಿಕೆ ಹಾಕಿದರು. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶ ಅಂತ ಘೋಷಿಸಿದರು. ನಾಯಿಗಳನ್ನು ಕೊಂದು ಅಲ್ಲ. ಮುಂಬೈಯವರು ಬೀದಿ ನಾಯಿ ಅಂದ ತಕ್ಷಣ ಹಿಡಿದುಕೊಂಡು ಹೋಗಿ ಎಲ್ಲೋ ಬಿಡಿ ಅಂತಾರೆ.

ಠಾಣೆ ಶೆಟ್ಟಿ
ಮೇಷ್ಟ್ರೇ, ಎಲ್ಲೋ ಬಿಡೋ ಹಾಗಿಲ್ಲ. 2023ರ ನಿಯಮ ಇದೆ, ಆಪರೇಷನ್ ಮಾಡಿ, ಲಸಿಕೆ ಹಾಕಿ, ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ಬಿಡಬೇಕು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿ ನಾಯಿಗಳನ್ನೆಲ್ಲ ಶೆಲ್ಟರಿಗೆ ಹಾಕಿ ಅಂತ 11ಕ್ಕೆ ಹೇಳಿತು, 22ಕ್ಕೆ ಅದನ್ನೇ ಬದಲಿಸಿತು. ರೇಬೀಸ್ ಇರುವ, ಮೈಮೇಲೆ ಬೀಳುವ ನಾಯಿ ಬಿಟ್ಟು ಉಳಿದವು ವಾಪಸ್ ಅಂತ. ನಮ್ಮ ಸೊಸೈಟಿ ಮೀಟಿಂಗ್‌ನಲ್ಲಿ ಅವತ್ತು ಕುರ್ಚಿ ಹಾರೋದೊಂದು ಬಾಕಿ.

ಕಲ್ಯಾಣ್ ವಿಚಾರವಾದಿ
ನಿಯಮ ಪುಸ್ತಕದಲ್ಲಿದೆ ಶೆಟ್ರೇ. ರಾತ್ರಿ ಪಾಳಿ ಮುಗಿಸಿ ಸ್ಟೇಷನ್ನಿಂದ ನಡೆದು ಬರೋವಾಗ ಆರು ನಾಯಿ ಸುತ್ತ ನಿಂತರೆ ನಿಯಮ ನೆನಪಾಗಲ್ಲ.

ಪಣಜಿ ಮೇಷ್ಟ್ರು
ಅದೂ ನಿಜವೇ. ಅದಕ್ಕೇ ಆಪರೇಷನ್ ಬೇಗ ಆಗಬೇಕು ಅನ್ನೋದು.

ಚೆಂಬೂರ್ ಬೆಕ್ಕಿನಮ್ಮ
ದಯವಿಟ್ಟು ಬೇರೆ ಎಳೆ ಶುರು ಮಾಡಿ. ಸುಜಾತಾ ಇನ್ನೂ ಕೂತಿದ್ದಾರೆ. ಕೆಂಚಿ ತಿಂದಳಾ?

ಡೊಂಬಿವಲಿ ಸುಜಾತಾ
ನಿನ್ನೆ ರಾತ್ರಿ ಒಂದು ಚಮಚ ಮಾತ್ರ, ಅದೂ ವಾಂತಿ ಆಯ್ತು. ಬೆಳಿಗ್ಗೆ ಬೇಯಿಸಿದ ಕೋಳಿ ಸ್ವಲ್ಪ ತಿಂದಳು. ಕಕ್ಕಸು ಇನ್ನೂ ಮಾಡಿಲ್ಲ. ಸಣ್ಣಗೆ ಕೆಮ್ಮುತ್ತಾಳೆ. ಗಾಯದ ಸುತ್ತ ಸ್ವಲ್ಪ ಗುಲಾಬಿ ಬಣ್ಣ, ತುದಿಯಲ್ಲಿ ಚಿಕ್ಕ ಗಂಟು.

ಕೊಥ್ರೂಡ್ ಪಶುವೈದ್ಯೆ
ಮೊದಲ ರಾತ್ರಿ ಒಂದು ವಾಂತಿ ಅರಿವಳಿಕೆಯಿಂದ ಆಗಬಹುದು. ಕೆಮ್ಮು, ಗಂಟಲಿಗೆ ನಳಿಗೆ ಹಾಕಿದ್ದರಿಂದ, ಒಂದೆರಡು ದಿನಕ್ಕೆ ಹೋಗುತ್ತೆ. ಆಪರೇಷನ್‌ಗೆ ಮುಂಚೆ ಹೊಟ್ಟೆ ಖಾಲಿ ಇತ್ತಲ್ಲ, ಕಕ್ಕಸು ಒಂದೆರಡು ದಿನ ತಡ ಆಗುತ್ತೆ. ಉಚ್ಚೆ ಮಾತ್ರ ಮಾಡುತ್ತಿರಬೇಕು. ಗುಲಾಬಿ ಬಣ್ಣ, ಚಿಕ್ಕ ಗಂಟು ಸಾಮಾನ್ಯ. ದಿನಾ ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಡಿ, ಗಂಟು ದೊಡ್ಡದಾಗ್ತಿದೆಯಾ ಅಂತ ನೆನಪಿನಿಂದ ಹೇಳೋಕಾಗಲ್ಲ.

ಡಾಕ್ಟರಿಗೆ ಫೋನ್ ಮಾಡಬೇಕಾದ ಸಂದರ್ಭ ಬೇರೆ. ಪೂರ್ತಿ ಒಂದು ದಿನ ಏನೂ ತಿನ್ನದಿದ್ದರೆ, ವಾಂತಿ ನಿಲ್ಲದಿದ್ದರೆ, ಗಾಯದಿಂದ ಕೀವು ಬಂದರೆ ಅಥವಾ ರಕ್ತ ತೊಟ್ಟಿಕ್ಕಿದರೆ. ಬೆಕ್ಕು ಉಪವಾಸ ಇದ್ದರೆ ಲಿವರ್‌ಗೆ ಕೊಬ್ಬು ತುಂಬಿಕೊಳ್ಳುತ್ತೆ, ನಾಯಿ ಹಾಗೆ ಎರಡು ಮೂರು ದಿನ ನೋಡೋಣ ಅನ್ನೋ ಹಾಗಿಲ್ಲ. ಫೋನ್ ಕೂಡ ಮಾಡದೆ ನೇರ ಓಡಬೇಕಾದದ್ದು ಎರಡಕ್ಕೆ: ಗಾಯ ಬಾಯಿ ಬಿಟ್ಟು ಒಳಗಿಂದ ಏನಾದರೂ ಹೊರಗೆ ಬಂದರೆ, ಅಥವಾ ತುಟಿ ಎತ್ತಿ ನೋಡಿದಾಗ ವಸಡು ಬಿಳಿಚಿಕೊಂಡು ಪ್ರಾಣಿ ಕುಸಿದು ಬಿದ್ದಿದ್ದರೆ. ಹೊರಗೆ ಒಂದು ಹನಿ ರಕ್ತ ಕಾಣದೆಯೂ ಒಳಗೆ ಸೋರುತ್ತಿರಬಹುದು.

ಠಾಣೆ ಶೆಟ್ಟಿ
ರಾತ್ರಿ ಹೊತ್ತು ಓಡೋದು ಎಲ್ಲಿಗೆ ಅನ್ನೋದು ಇವತ್ತೇ ಗೊತ್ತು ಮಾಡಿಟ್ಟುಕೊಳ್ಳಿ. ಪರೇಲ್‌ನಲ್ಲಿ ಬೈಲ್ ಘೋಡಾ ಆಸ್ಪತ್ರೆ ಇದೆ, ಬ್ರಿಟಿಷರ ಕಾಲದ್ದು. ಮಹಾಲಕ್ಷ್ಮಿಯಲ್ಲಿ ಟಾಟಾದವರದು 2024ರಲ್ಲಿ ಶುರುವಾಗಿದೆ. ಆದರೆ ಡೊಂಬಿವಲಿಯಿಂದ ಅಷ್ಟು ದೂರ ಕೊನೇ ಗಳಿಗೆಯಲ್ಲಿ ಹೋಗೋದು ಸುಲಭ ಅಲ್ಲ. ಠಾಣೆ ಕಲ್ಯಾಣ್ ಕಡೆ ರಾತ್ರಿ ಯಾರು ತೆಗೆದಿರುತ್ತಾರೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ನಂಬರ್ ಫ್ರಿಡ್ಜ್ ಮೇಲೆ ಅಂಟಿಸಿ.

ಹಡಪ್ಸರ್ ರೇಖಾ
ನೋವಿನ ಔಷಧಿ ಕೊಟ್ಟಿದ್ದಾರಾ ಅಂತ ಚೀಟಿ ನೋಡಿ ಸುಜಾತಾ. ನಮ್ಮ ಕಡೆ ಒಂದು ಕ್ಲಿನಿಕ್ಕಿನಲ್ಲಿ ಬರೀ ಆಂಟಿಬಯಾಟಿಕ್ ಬರೆದು ಕಳಿಸಿದ್ದರು. ಕೇಳಿದರೆ "ಪ್ರಾಣಿಗಳು ತಡ್ಕೊಳ್ತವೆ" ಅಂದರು. ಸಿಟ್ಟು ಬಂತು ನನಗೆ. ಹೊಟ್ಟೆ ಕೊಯ್ದಿದ್ದೀರಲ್ಲ ಸ್ವಾಮಿ!

ಕೊಥ್ರೂಡ್ ಪಶುವೈದ್ಯೆ
ಕೇಳಿ ತಗೊಳ್ಳಬೇಕು. ನೋವಿದ್ದರೂ ಬೆಕ್ಕು ಕೂಗಲ್ಲ, ಮೂಲೆ ಸೇರುತ್ತೆ, ಬೆನ್ನು ಗೂನು ಮಾಡಿ ಕೂರುತ್ತೆ, ಕಣ್ಣು ಅರ್ಧ ಮುಚ್ಚುತ್ತೆ. ಮೆಲೋಕ್ಸಿಕ್ಯಾಮ್ ಅನ್ನೋ ನೋವಿನ ಔಷಧಿ ಬರೆದಿದ್ದರೆ ಅಳತೆ ಸಿರಿಂಜಿನಲ್ಲೇ ಕೊಡಿ, ಊಟದ ಜೊತೆ. ಒಂದು ಹೊತ್ತು ಮರೆತರೆ ಮುಂದಿನ ಸಲ ಎರಡರಷ್ಟು ಕೊಡಬೇಡಿ. ಮನೆಯಲ್ಲಿ ನಾಯಿಗೆ ತಂದ ಬಾಟಲಿ ಉಳಿದಿದೆ ಅಂತ ಅದನ್ನು ಹಾಕಬೇಡಿ.

ಮಾಟುಂಗಾ ಮಾಮ
ನನಗೊಂದು ಅನುಮಾನ. ಕೆಂಚು ಬೆಕ್ಕು ಅಂದರೆ ಗಂಡೇ ಅಲ್ವಾ? ಇವರ ಕೆಂಚಿ ಹೆಣ್ಣು ಹೇಗೆ?

ಕೊಥ್ರೂಡ್ ಪಶುವೈದ್ಯೆ
ಕೆಂಚು ಬೆಕ್ಕುಗಳಲ್ಲಿ ಸುಮಾರು ಐದರಲ್ಲಿ ಒಂದು ಹೆಣ್ಣು ಮಾಮ. ಆ ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಗಂಡಿಗೆ ಒಂದು ಸಿಕ್ಕರೆ ಸಾಕು, ಹೆಣ್ಣಿಗೆ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು.

ಮಾಟುಂಗಾ ಮಾಮ
ಇದು ಹೊಸ ವಿಷಯ. ಅರಿಶಿನದ ಜಗಳದಲ್ಲಿ ಲಾಭವೇ ಆಯಿತು.

ಹಡಪ್ಸರ್ ರೇಖಾ
ಆಮೇಲೆ ದಪ್ಪ ಆಗುತ್ತವೆ ಅನ್ನೋದು ನಿಜವಾ?

ಚೆಂಬೂರ್ ಬೆಕ್ಕಿನಮ್ಮ
ಹಸಿವು ಹೆಚ್ಚಾಗುತ್ತೆ, ದೇಹಕ್ಕೆ ಬೇಕಾದದ್ದು ಕಡಿಮೆ ಆಗುತ್ತೆ. 20ರಿಂದ 30 ಪರ್ಸೆಂಟ್ ಕಡಿಮೆ ಅಂತ ಡಾಕ್ಟರು ಹೇಳ್ತಾರೆ. ಗುಣ ಆದ ಮೇಲೆ ಊಟ ಅಳೆದು ಹಾಕಿ. ಅಜ್ಜಿಯಂದಿರು ಇರುವ ಮನೆಯಲ್ಲಿ ಇದು ಆಗಲ್ಲ, ಕದ್ದು ಮೀನು ಹಾಕೇ ಹಾಕ್ತಾರೆ.

ಡೊಂಬಿವಲಿ ಸುಜಾತಾ
ನಮ್ಮತ್ತೆ ಈಗಲೇ ಬಂಗಡೆ ತರಿಸೋಣ ಅಂದಾಯ್ತು. ಚೀಟಿ ನೋಡಿದೆ, ನೋವಿನ ಡ್ರಾಪ್ಸ್ ಇದೆ. ಕಾಲರ್ ಒಂದು ಬೆರಳಿನ ಅಳತೆಗೆ ಬಿಗಿ ಮಾಡಿ ಹಾಕಿದೆವು, ಊಟದ ಬಟ್ಟಲನ್ನು ಒಂದು ಡಬ್ಬಿ ಮೇಲೆ ಎತ್ತರಕ್ಕಿಟ್ಟ ಮೇಲೆ ಕಾಲರ್ ಇಟ್ಟುಕೊಂಡೇ ತಿಂದಳು. ಪಂಜರ ಹೊಸದು ತಗೊಳ್ಳೋದಾ, ಎರಡು ವಾರಕ್ಕೆ ಯಾರಾದರೂ ಕೊಡ್ತೀರಾ?

ಠಾಣೆ ಶೆಟ್ಟಿ
ನಮ್ಮದು ಮಾಳಿಗೆ ಮೇಲೆ ಸುಮ್ಮನೆ ಬಿದ್ದಿದೆ, ನಾಯಿ ಪಂಜರ, ಬೆಕ್ಕಿಗೆ ಬಂಗಲೆ. ಸಂಜೆ ಯಜಮಾನರನ್ನು ಠಾಣೆ ಸ್ಟೇಷನ್ ವೆಸ್ಟಿಗೆ ಕಳಿಸಿ. ತೊಳೆದು ಬಿಸಿಲಿಗೆ ಹಾಕಿ ಕೊಡುತ್ತೇನೆ ಅನ್ನೋಣ ಅಂದ್ರೆ ಬಿಸಿಲೇ ಇಲ್ಲ, ಒರೆಸಿ ಕೊಡುತ್ತೇನೆ. ಪೀಕ್ ಅವರ್ ಬಿಟ್ಟು ಬರಲಿ, ಆ ಪಂಜರ ಹಿಡ್ಕೊಂಡು ಆರೂವರೆ ಲೋಕಲ್ ಹತ್ತೋಕಾಗಲ್ಲ.

ಡೊಂಬಿವಲಿ ಸುಜಾತಾ
ಒಂಬತ್ತರ ಮೇಲೆ ಬರುತ್ತಾರೆ ಅಣ್ಣ. ನಂಬರ್ ಮೆಸೇಜ್ ಮಾಡಿದ್ದೇನೆ, ನೋಡಿ.